ಇಪ್ಪತ್ತೆರಡು ತಾಗುತ್ತಾ?

ಫೆಬ್ರವರಿ 2, ಭಾನುವಾರ

ಇವತ್ತೂ ಯಾರಿಗೂ ನನ್ನನ್ನು ಮುಟ್ಟಲಾಗಲಿಲ್ಲ.

ಡೇಲ್ ಕುಬಿಯಾಕನ ನೆಲಮಾಳಿಗೆಯಲ್ಲಿ ಮಧ್ಯಾಹ್ನ ಒಂದರಿಂದ ಆರರವರೆಗೆ ಆಟ. ಒಂಬತ್ತು ವರ್ಷದಿಂದ ಅದೇ ಮೇಜು, ಅದೇ ನಾಲ್ವರು, ಅದೇ ಒಂದು ಕಥೆ. ವಾರವೆಲ್ಲ ಶಾಲೆಯ ಬಸ್ಸು ಓಡಿಸುವ ಡೇಲ್ ಭಾನುವಾರ ಕಥೆ ಓಡಿಸುತ್ತಾನೆ; ಕಾಡು, ಕೋಟೆ, ಮಂಜು, ನಮ್ಮನ್ನು ಕೊಲ್ಲಲು ಬರುವವರು ಎಲ್ಲ ಅವನೇ. ಉಳಿದ ಮೂವರಿಗೆ ತಲಾ ಒಂದು ಪಾತ್ರ. ಔಷಧದಂಗಡಿಯ ಟೌ ವ್ಯಾಂಗ್ ಮುದುಕ ಮಾಂತ್ರಿಕ. ಬೇಕರಿಯ ಜಿನ್ನಿ ಹಾಸೆ ಗಾಯ ಮಾಯಿಸುವ ಸನ್ಯಾಸಿನಿ. ನಾನು ಓರ್ಸೋಲಾ. ಕವಚ, ಗುರಾಣಿ, ಆರಡಿ ಎರಡಂಗುಲ.

ಅಂಗಡಿಗಳ ತೂಕ-ಅಳತೆಯ ತಪಾಸಣೆ ನನ್ನ ಕೆಲಸ, ಹತ್ತೊಂಬತ್ತು ವರ್ಷವಾಯಿತು. ಹಾಗಾಗಿ ನನಗೊಬ್ಬಳಿಗೇ ಬರೆದುಕೊಳ್ಳುವುದನ್ನೂ ಮೂರನೆಯವರು ತಾಳೆ ನೋಡುವಂತೆ ಬರೆಯುವ ಚಟ. ನಿಯಮ ಇಷ್ಟು: ಶತ್ರು ಹೊಡೆಯಲು ಬಂದರೆ ಡೇಲ್ ಇಪ್ಪತ್ತು ಮುಖದ ದಾಳ ಉರುಳಿಸುತ್ತಾನೆ, ಶತ್ರುವಿನ ಬಲವನ್ನು ಅದಕ್ಕೆ ಕೂಡಿಸುತ್ತಾನೆ, ಮೊತ್ತ ಹೇಳಿ "ತಾಗುತ್ತಾ?" ಎಂದು ಕೇಳುತ್ತಾನೆ. ಆ ಮೊತ್ತ ನನ್ನ ಕಾಪಿಗೆ, ಅಂದರೆ ಕವಚ-ಗುರಾಣಿ ಕೊಡುವ ರಕ್ಷಣೆಯ ಅಂಕಿಗೆ, ಸಮವಾದರೆ ಅಥವಾ ಹೆಚ್ಚಾದರೆ ಏಟು ತಾಗುತ್ತದೆ, ಉಸಿರು ಕಡಿಮೆಯಾಗುತ್ತದೆ. ಉಸಿರು ಸೊನ್ನೆಯಾದರೆ ಸಾವು. ಕಾಪು ಎಷ್ಟೆಂಬುದು ಅವರವರ ಹಾಳೆಯಲ್ಲಿರುತ್ತದೆ. ಇನ್ನೊಬ್ಬರ ಹಾಳೆಗೆ ಯಾರೂ ಇಣುಕುವುದಿಲ್ಲ. ಅದು ಇನ್ನೊಬ್ಬರ ತಟ್ಟೆಗೆ ಕೈ ಹಾಕಿದ ಹಾಗೆ.

ನನ್ನ ಕಾಪು ಇಪ್ಪತ್ನಾಲ್ಕು.

"ಇಪ್ಪತ್ಮೂರು ತಾಗುತ್ತಾ?" ಡೇಲ್ ಇವತ್ತು ಕೇಳಿದ.

"ಇಲ್ಲ."

"ಇವಳೇನು ಹೆಂಗಸೋ, ಬ್ಯಾಂಕಿನ ತಿಜೋರಿಯೋ?" ಎಂದ ಟೌ. "ಇನ್ಸ್‌ಪೆಕ್ಟ್ರೇ, ನಿಮ್ಮೊಳಗೆ ಗಾಳಿಯಾದ್ರೂ ಹೋಗುತ್ತೇನ್ರೀ?"

ಟೌನ ಹಾಳೆಯಲ್ಲಿ ಉಸಿರಿನ ಚೌಕವನ್ನು ಅಳಿಸಿ ಅಳಿಸಿ ಕಾಗದ ತೂತಾಗಿದೆ. ಜಿನ್ನಿಯದರಲ್ಲೂ ಅಷ್ಟೇ. ನನ್ನ ಚೌಕ ಹೊಸ ಪಿಂಗಾಣಿಯ ಹಾಗಿದೆ. ಆದರೆ ಮಡಿಕೆಯಲ್ಲಿ ನನ್ನ ಹಾಳೆಯೂ ಹರಿದಿತ್ತು. ಡೇಲ್ ಮೂವರಿಗೂ ಹೊಸ ಹಾಳೆ ಕೊಟ್ಟ. ಏಪ್ರಿಲ್ ಆರಕ್ಕೆ ಕಥೆ ಮುಗಿಯುತ್ತದಂತೆ. ಸುಣ್ಣದ ರಾಣಿಯ ಜೊತೆ ಕೊನೆಯ ಯುದ್ಧ.

"ನೀಟಾಗಿ ಕಾಪಿ ಮಾಡ್ಕೊಂಡು ಬನ್ನಿ," ಎಂದ. "ಹರಿದ ಬಟ್ಟೆ ಹಾಕ್ಕೊಂಡು ರಾಣಿ ಮುಂದೆ ನಿಲ್ಲೋದು ಬೇಡ."

ಆರಕ್ಕೆ ಹೊರಟೆ. ಜಿನ್ನಿ ತನ್ನ ರೂಬಾರ್ಬ್ ದಂಟಿನ ಸಿಹಿಯನ್ನು ಎಂದಿನಂತೆ ತಗಡಿನ ಕಾಗದದಲ್ಲಿ ಸುತ್ತಿ ಕೊಟ್ಟಳು. ಅವರು ಮೂವರೂ ಚಿಲಿ ಸಾರಿನ ಊಟಕ್ಕೆ ಕೂತರು. ನಾನು ಮನೆಯಲ್ಲೇ ಉಣ್ಣುವವಳು.

ಫೆಬ್ರವರಿ 4, ಮಂಗಳವಾರ

ಕಾಪಿ ಮಾಡಲು ಕೂತೆ. ನಕಲು ಮಾಡುವಾಗ ಮೊತ್ತವನ್ನು ನಂಬಬಾರದು, ಮತ್ತೆ ಕೂಡಬೇಕು. ಕೆಲಸದಲ್ಲಿ ಹೊಸಬರಿಗೆ ನಾನು ಹೇಳಿಕೊಡುವ ಮೊದಲ ಪಾಠ.

ಕವಚ ಹದಿನೆಂಟು. ಗುರಾಣಿ ಮೂರು. ಇಪ್ಪತ್ತೊಂದು.

ಹಾಳೆಯಲ್ಲಿ ಇಪ್ಪತ್ನಾಲ್ಕು ಇದೆ.

ಐದು ಸಲ ಕೂಡಿದೆ. ಹಳೆಯ ಹಾಳೆಗಳೆಲ್ಲ ಕಡತದಲ್ಲಿವೆ, ತೆಗೆದು ನೋಡಿದೆ. ಎರಡು ಸಾವಿರದ ಹದಿನೆಂಟರ ಅಕ್ಟೋಬರಿನಲ್ಲಿ ಜಿನ್ನಿ ನನ್ನ ಹಾಳೆಯ ಮೇಲೆ ಕೋಕೋ ಚೆಲ್ಲಿದ್ದಳು. ಆವತ್ತು ಹೊಸದು ಬರೆದಿದ್ದೆ. ಹಳೆಯದರಲ್ಲಿ "ಕವಚ, ಗುರಾಣಿ ಸೇರಿ: 21" ಎಂದಿತ್ತು. "ಗುರಾಣಿ ಸೇರಿ" ಎಂಬುದು ಕೋಕೋದ ಕಲೆಯಲ್ಲಿ ಮುಳುಗಿದೆ. ನಾನು ಕವಚ ಇಪ್ಪತ್ತೊಂದು ಎಂದು ಬರೆದುಕೊಂಡು, ಅದರ ಮೇಲೆ ಗುರಾಣಿಯ ಮೂರನ್ನು ಇನ್ನೊಮ್ಮೆ ಕೂಡಿದ್ದೇನೆ.

ಆರು ವರ್ಷದಿಂದ ಓರ್ಸೋಲಾ ಎರಡು ಗುರಾಣಿ ಹಿಡಿದು ಓಡಾಡುತ್ತಿದ್ದಾಳೆ. ಕತ್ತಿಯನ್ನು ಯಾವ ಕೈಯಲ್ಲಿ ಹಿಡಿದಿದ್ದಳು ಎಂದು ಒಬ್ಬರೂ ಕೇಳಿಲ್ಲ.

ಫೆಬ್ರವರಿ 5, ಬುಧವಾರ

ಚೀಸ್ ಅಂಗಡಿಯೊಂದರ ತಕ್ಕಡಿ, ಸುತ್ತುವ ಕಾಗದವನ್ನೂ ಚೀಸಿನ ಜೊತೆ ತೂಗುತ್ತಿತ್ತು. ಬಳಸಬಾರದೆಂಬ ಕೆಂಪು ಚೀಟಿ ಅಂಟಿಸಿದೆ. "ಬೇಕಂತ ಮಾಡಿದ್ದಲ್ಲಮ್ಮ," ಎಂದ ಅಂಗಡಿಯವ. ಬೇಕೆಂದು ಮಾಡಿದಿರೋ ಇಲ್ಲವೋ ಎಂಬ ಕಾಲಂ ನನ್ನ ನಮೂನೆಯಲ್ಲಿಲ್ಲ ಎಂದೆ. ಹತ್ತೊಂಬತ್ತು ವರ್ಷದಿಂದ ಹೇಳುತ್ತ ಬಂದ ಮಾತು. ಇವತ್ತು ಅರ್ಧಕ್ಕೆ ಕೆಮ್ಮು ಬಂತು.

ಫೆಬ್ರವರಿ 9, ಭಾನುವಾರ

ಹೊಸ ಹಾಳೆಯಲ್ಲಿ ಇಪ್ಪತ್ತೊಂದು ಎಂದೇ ಬರೆದುಕೊಂಡು ಹೋದೆ. ಯಾರಿಗೂ ಹೇಳುವುದು ಬೇಡ, ಇವತ್ತಿನಿಂದ ಸರಿಯಾಗಿ ಆಡಿದರಾಯಿತು ಎಂದು ತೀರ್ಮಾನಿಸಿದ್ದೆ. ತಪ್ಪಿದ ತಕ್ಕಡಿಯನ್ನು ಸರಿಪಡಿಸಿದರೆ ಮುಗಿಯಿತು. ಹಿಂದೆ ಮಾರಿದ ಚೀಸನ್ನು ಯಾರೂ ವಾಪಸು ತರುವುದಿಲ್ಲ.

ಎರಡನೆಯ ಸುತ್ತಿನಲ್ಲೇ ಒಬ್ಬ ಈಟಿಯವ ಬಂದ.

"ಇಪ್ಪತ್ತೆರಡು ತಾಗುತ್ತಾ?"

"ಇಲ್ಲ," ಎಂದೆ.

ಅದು ನಾನು ಹೇಳಿದ್ದಲ್ಲ, ಬಾಯಿಯ ಅಭ್ಯಾಸ ಹೇಳಿದ್ದು. ತಿದ್ದುವಷ್ಟರಲ್ಲಿ ಡೇಲ್ ಈಟಿಯನ್ನು ಮರಕ್ಕೆ ಸಿಕ್ಕಿಸಿಬಿಟ್ಟಿದ್ದ, ಜಿನ್ನಿ ನಗುತ್ತಿದ್ದಳು.

ಮಂಗಳವಾರದ ತನಕ ಅದು ತಪ್ಪಾಗಿತ್ತು. ಇವತ್ತಿನಿಂದ ಸುಳ್ಳು.

ಫೆಬ್ರವರಿ 16, ಭಾನುವಾರ

ಓರ್ಸೋಲಾಳನ್ನು ಸಾಲಿನ ಹಿಂದಕ್ಕೆ ಕರೆದುಕೊಂಡೆ. ಸೇತುವೆಯ ಹತ್ತಿರ ಯಾರು ಮುಂದೆ ಎಂದು ಡೇಲ್ ಕೇಳಿದಾಗ, ದಾರಿ ಕಾಯಲು ಹಿಂದೆ ಒಬ್ಬರು ಇರಲೇಬೇಕು ಎಂದೆ.

"ಓರ್ಸೋಲಾಗೆ ಸೊಂಟ ನೋವಾ?" ಟೌ ಕೇಳಿದ. "ನಮ್ಮ ಅಂಗಡೀಲಿ ಒಳ್ಳೆ ಪಟ್ಟಿ ಬಂದಿದೆ."

"ಮುಂದೆ ನೀನು ಹೋಗಪ್ಪ ಒಂದಿನ."

"ನಾನಾ? ನನ್ನ ಮುದುಕ ಬಾಗಿಲು ಕಂಡ್ರೂ ಮೂರು ಸಲ ಕೋಲಲ್ಲಿ ತಿವೀತಾನೆ. ಮುಂದೆ ಕಳಿಸಿದ್ರೆ ಸೇತುವೆ ದಾಟೋಕೆ ಮೇ ತಿಂಗಳಾಗುತ್ತೆ."

ಹಿಂದೆ ನಿಂತರೂ ತೋಳವೊಂದು ಸುತ್ತಿ ಬಂತು. ಇಪ್ಪತ್ಮೂರು. ಡೇಲ್ "ತಾಗುತ್ತಾ?" ಎನ್ನುವ ಗೋಜಿಗೂ ಹೋಗದೆ ಮುಂದಿನ ದಾಳ ಎತ್ತಿಕೊಳ್ಳುತ್ತಿದ್ದ.

"ತಾಗುತ್ತೆ," ಎಂದೆ.

ಟೌ ತನ್ನ ತಾಯಿ ಕಳಿಸಿದ ಎಗ್ ರೋಲನ್ನು ಬಾಯಿಯ ಹತ್ತಿರವೇ ಹಿಡಿದಿದ್ದ.

"ಏನಂದೆ?" ಎಂದ ಡೇಲ್.

"ತಾಗುತ್ತೆ ಅಂದೆ. ಎಷ್ಟು ಉಸಿರು ಹೋಯ್ತು ಹೇಳು."

ಮೂವತ್ತೊಂದು. ಚೌಕವನ್ನು ಮೊದಲ ಸಲ ಅಳಿಸಿದೆ. ಜಿನ್ನಿ ಕುರ್ಚಿಯಿಂದ ಅರ್ಧ ಎದ್ದು, "ನನ್ ಸರದಿ, ನನ್ ಸರದಿ," ಎಂದು ದಾಳ ಹುಡುಕಿದಳು. ಆರು ವರ್ಷದಿಂದ ಅವಳು ಓರ್ಸೋಲಾಳ ಗಾಯವನ್ನು ಒಮ್ಮೆಯೂ ಮಾಯಿಸಿಲ್ಲವಂತೆ. "ಕೊನೆಗೂ ನನಗೊಂದು ಕೆಲಸ ಕೊಟ್ಟೆಯಲ್ಲ, ಪುಣ್ಯಾತ್ಗಿತ್ತಿ," ಎಂದಳು. ಇಪ್ಪತ್ತೇಳು ಉಸಿರು ವಾಪಸು ಕೊಟ್ಟಳು. ಸಿಹಿಯ ಒಂದು ತುಂಡನ್ನು ಅಲ್ಲೇ ತಿಂದೆ, ಕೈಯಲ್ಲಿ ಕೊಟ್ಟುಬಿಟ್ಟಳು ಎಂದು.

ಫೆಬ್ರವರಿ 19, ಬುಧವಾರ

ಬಟನ್.

ನಾಲ್ಕು ದಿನದಿಂದ ಈ ಹೆಸರು ಬಾಗಿಲ ಹೊರಗೆ ನಿಂತಿತ್ತು. ಇವತ್ತು ಒಳಗೆ ಬಂತು.

ಬಟನ್ ಎಂದರೆ ಟೌನ ಹಿಂದಿನ ಪಾತ್ರ, ಮೊಣಕಾಲೆತ್ತರದ ಕಳ್ಳ. ಎಲ್ಲಿ ನೋಡಿದರೂ ಮೊದಲು ಜಿಗಿಯುತ್ತಿದ್ದ, ಆಮೇಲೆ ಕೆಳಗೆ ಏನಿದೆ ಎಂದು ವಿಚಾರಿಸುತ್ತಿದ್ದ. ಆ ಕಾಲದಲ್ಲಿ ಟೌ ಕೂತು ಆಡುತ್ತಲೇ ಇರಲಿಲ್ಲ. ನಾಲ್ಕು ವರ್ಷದ ಹಿಂದೆ, ಮಾರ್ಚಿನಲ್ಲಿ, ಕಪ್ಪು ಮೆಟ್ಟಿಲ ಮೇಲೆ ಒಬ್ಬ ರಾಕ್ಷಸ ನಮಗೆ ಎದುರಾದ. ನಾನು ಮುಂದೆ, ಬಟನ್ ನನ್ನ ಪಕ್ಕದಲ್ಲಿ ಸರಪಳಿ ಬಿಚ್ಚುತ್ತಿದ್ದ. ರಾಕ್ಷಸ ಮೊದಲು ಬೀಸಿದ್ದು ನನಗೆ.

"ಇಪ್ಪತ್ತೆರಡು ತಾಗುತ್ತಾ?"

"ಇಲ್ಲ."

"ಹಾಗಾದ್ರೆ ಈ ಕಬ್ಬಿಣದ ಜೊತೆ ಕೈ ನೋಯಿಸ್ಕೊಳ್ಳೋದು ಸಾಕು ಅಂತ ಅವನಿಗನಿಸುತ್ತೆ," ಎಂದಿದ್ದ ಡೇಲ್. "ಪಕ್ಕದಲ್ಲಿರೋ ಚಿಕ್ಕವನ ಕಡೆ ತಿರುಗ್ತಾನೆ."

ಬಟನ್‌ಗೆ ಹದಿನೇಳು ಉಸಿರಿತ್ತು, ಒಂದೇ ಏಟಿಗೆ ಸತ್ತ. ನನಗೆ ತೊಂಬತ್ತಿತ್ತು.

ಕರಾರುವಾಕ್ಕಾಗಿ ನೆನಪಿದೆ. ನನಗೆ ಅಂಕಿಗಳು ನೆನಪಿರುತ್ತವೆ. ಅದರಿಂದ ಇಷ್ಟು ದಿನ ತೊಂದರೆಯಾಗಿರಲಿಲ್ಲ.

ಫೆಬ್ರವರಿ 23, ಭಾನುವಾರ

ಆಡಿದೆವು. ಬರೆಯುವಂಥದ್ದೇನಿಲ್ಲ.

ಮಾರ್ಚ್ 4, ಮಂಗಳವಾರ

ಭಾನುವಾರ ಹಿಮ ಬಿದ್ದು ಆಟವಿರಲಿಲ್ಲ. ಇವತ್ತು ಊಟದ ಬಿಡುವಿನಲ್ಲಿ ಟೌನ ಅಂಗಡಿಗೆ ಹೋದೆ, ಹೇಳಿಬಿಡೋಣ ಎಂದು. ಕೌಂಟರಿನಲ್ಲಿ ಬೇರೆ ಯಾರೂ ಇರಲಿಲ್ಲ. ನೆಪ ಮುಗಿದಿತ್ತು.

"ಏನ್ರೀ ಇನ್ಸ್‌ಪೆಕ್ಟ್ರೇ, ನಮ್ಮ ಮಾತ್ರೆ ತೂಕಕ್ಕೆ ಬಂದ್ರಾ?"

"ಬಟನ್ ನೆನಪಾದ," ಎಂದೆ.

ಅವನ ಮುಖ ಕೂಡಲೇ ಮೆತ್ತಗಾಯಿತು. "ಅಯ್ಯೋ, ಆ ಪೆದ್ದ. ಎಷ್ಟು ಸಲ ಅಂದ್ಕೊಂಡಿದೀನಿ ಗೊತ್ತಾ? ಯಾಕೆ ಓರ್ಸೋಲಾ ಪಕ್ಕ ಹೋಗಿ ನಿಂತೆ ಅಂತ. ದೊಡ್ಡೋರ ಪಕ್ಕ ನಿಂತ್ರೆ ಸೇಫು ಅಂದ್ಕೊಂಡಿದ್ದೆ. ಪೂರಾ ನನ್ನದೇ ಲೆಕ್ಕ ತಪ್ಪು. ಅದಕ್ಕೇ ಈಗ ಮುದುಕ, ಕೋಲು, ಮೂರು ಸಲ ತಿವಿಯೋದು. ಬುದ್ಧಿ ಬಂತು ನೋಡಿ."

"ಲೆಕ್ಕ," ಎಂದು ಶುರು ಮಾಡಿದೆ.

"ಹೂಂ?"

"ಲೆಕ್ಕಕ್ಕಿಂತ ಜಾಸ್ತಿ ಕೆಮ್ಮು ನನಗೆ ಈಗೀಗ. ಏನಾದರೂ ಕೊಡು."

ಬೇಡದ ಕೆಮ್ಮಿನ ಗುಳಿಗೆ ಎರಡು ಡಬ್ಬಿ ಮನೆಗೆ ಬಂದವು. ಜೇನಿನ ರುಚಿ ಎಂದು ಬರೆದಿದೆ. ಜೇನು ಇದ್ದ ಹಾಗಿಲ್ಲ.

ಮಾರ್ಚ್ 9, ಭಾನುವಾರ

ಆಟ ಮುಗಿದ ಮೇಲೆ ಕುರ್ಚಿಗಳನ್ನು ಎತ್ತಿಡಲು ನಿಂತೆ. ಡೇಲ್‌ಗೆ ಆಶ್ಚರ್ಯವಾಯಿತು.

ಶತ್ರುವಿನ ಬಲ ಎಷ್ಟಿರಬೇಕೆಂದು ಹೇಗೆ ನಿರ್ಧರಿಸುತ್ತೀಯ ಎಂದು ಕೇಳಿದೆ.

"ಪುಸ್ತಕದಲ್ಲಿರುತ್ತೆ. ಅದರ ಮೇಲೆ ನಾನು ಮೂರೋ ನಾಲ್ಕೋ ಏರಿಸ್ತೀನಿ."

"ಯಾಕೆ?"

"ಯಾಕೆ ಅಂದ್ರೆ? ನಿನಗೆ ತಾಗಬೇಕಲ್ಲ ಮಾರಾಯ್ತಿ. ಪುಸ್ತಕದಲ್ಲಿದ್ದ ಹಾಗೆ ಬಿಟ್ರೆ ನೀನು ಆಕಳಿಸ್ಕೊಂಡು ಎಲ್ಲರನ್ನೂ ಕಡಿದು ಹಾಕ್ತೀಯ. ಅಪಾಯ ಇಲ್ಲದಿದ್ರೆ ಆಟ ಎಲ್ಲಿ ಬಂತು? ಅದು ನನ್ನ ಬಸ್ಸಿಗೆ ಹತ್ತಿ ಕೂತ ಹಾಗೆ, ಅಷ್ಟೇ."

"ಮತ್ತೆ ಉಳಿದವರಿಗೆ?"

ಅವನು ಕುರ್ಚಿ ಮಡಚಿ ಗೋಡೆಗೆ ಒರಗಿಸಿದ. "ಅವರಿಗೆ ಸ್ವಲ್ಪ ಜಾಸ್ತಿ ಬೀಳುತ್ತೆ. ಏನ್ಮಾಡೋದು. ಮನೇಲಿ ಒಬ್ಬರು ಖಾರ ತಿನ್ನೋರಿದ್ರೆ ಸಾರು ಎಲ್ಲರಿಗೂ ಖಾರ."

ಅಂದರೆ ಮೆಟ್ಟಿಲ ಮೇಲಿನ ಒಂದು ಏಟು ಮಾತ್ರವಲ್ಲ. ಜಿನ್ನಿಯ ಹಾಳೆಯ ತೂತು, ಟೌನ ಹಾಳೆಯ ತೂತು, ಆರು ವರ್ಷದ ರಬ್ಬರು ಎಲ್ಲ ನನ್ನ ಮೂರರಿಂದ.

ನಾನೂ ಅಲ್ಲೇ ಚಿಲಿ ಊಟ ಮಾಡಿದೆ. ಕುರ್ಚಿ ಮಡಚುತ್ತ ಆರೂವರೆಯಾಗಿಬಿಟ್ಟಿತ್ತು. ಖಾರವಾಗಿತ್ತು.

ಮಾರ್ಚ್ 16, ಭಾನುವಾರ

ಹೇಳಲಿಲ್ಲ. ಜಿನ್ನಿಯ ಹುಟ್ಟುಹಬ್ಬವಿತ್ತು. ಮುಂದಿನ ವಾರ ಯಾರ ಹುಟ್ಟುಹಬ್ಬವೂ ಇಲ್ಲ, ವಿಚಾರಿಸಿಕೊಂಡಿದ್ದೇನೆ.

ಮಾರ್ಚ್ 23, ಭಾನುವಾರ

ಹೇಳಿದೆ.

ದಾಳಗಳನ್ನು ಚೀಲದಿಂದ ಸುರಿಯುವ ಮೊದಲೇ ಹೇಳಿದೆ. ಮೂರು ಹಾಳೆಗಳನ್ನು ಮೇಜಿನ ಮೇಲಿಟ್ಟು ತೋರಿಸಿದೆ: ಕೋಕೋದ್ದು, ತಪ್ಪಿದ್ದು, ಹೊಸದು. ಗುರಾಣಿಯನ್ನು ಎರಡು ಸಲ ಎಣಿಸಿದ್ದು, ಆರು ವರ್ಷ. ಗೊತ್ತಾದ ಮೇಲೂ ಒಂದು ಸಲ ಸುಳ್ಳು ಹೇಳಿದ್ದು, ಫೆಬ್ರವರಿ ಒಂಬತ್ತು, ಈಟಿಯವ. ಕಪ್ಪು ಮೆಟ್ಟಿಲು. ಬರೆದುಕೊಂಡು ಹೋಗಿದ್ದೆ, ಓದಿದೆ.

ಮೊದಲು ನಕ್ಕವಳು ಜಿನ್ನಿ. "ನನ್ನ ಕೋಕೋದಿಂದ ಇಷ್ಟೆಲ್ಲ ಆಯ್ತಾ? ನೀನು? ನೀನಾ? ಹೋದ ವರ್ಷ ನಮ್ಮ ಬೇಕರಿ ತಕ್ಕಡೀನ ಮೂರು ಗ್ರಾಮಿಗೆ ಬಂದ್ ಮಾಡಿಸಿದೋಳು?"

ಡೇಲ್ ಟೋಪಿ ತೆಗೆದು ಮತ್ತೆ ಹಾಕಿಕೊಂಡ. "ನನಗೆ ಅನುಮಾನ ಇತ್ತು," ಎಂದ. "ಇಪ್ಪತ್ನಾಲ್ಕು ಹೇಗಪ್ಪ ಬರುತ್ತೆ ಅಂತ. ನಾನೇ ಯಾವಾಗಲೋ ಮಂತ್ರದ ತಾಯತ ಏನಾದ್ರೂ ಕೊಟ್ಟು ಮರೆತಿದೀನಿ ಅಂದ್ಕೊಂಡೆ. ಮೂರು ಭಾನುವಾರ ನನ್ನ ನೋಟ್‌ಬುಕ್ಕೆಲ್ಲ ಹುಡುಕಿದೀನಿ. ಕೇಳಿದ್ರೆ ಮರೆತಿದ್ದು ಗೊತ್ತಾಗುತ್ತಲ್ಲ, ಸುಮ್ಮನಿದ್ದೆ."

ಟೌ ಮುಂದಕ್ಕೆ ಬಾಗಿದ. ಕೋಕೋದ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಇಪ್ಪತ್ತೆರಡೇನಾ? ಆವತ್ತು? ಖಾತ್ರಿ?"

"ಖಾತ್ರಿ."

"ನಾಲ್ಕು ವರ್ಷ," ಎಂದ. "ನಾಲ್ಕು ವರ್ಷ ಮೆಟ್ಟಿಲು ಅಂದ್ರೆ ನನ್ನ ಮುದುಕನ್ನ ಅಂಗಾತ ಮಲಗಿಸಿ ಇಳಿಸಿದೀನಿ ನಾನು."

ಯಾರೂ ನಗಲಿಲ್ಲ. ಅವನು ನಗಿಸಲು ಹೇಳಿದ್ದೂ ಅಲ್ಲ. ಸ್ವಲ್ಪ ಹೊತ್ತಿಗೆ ಕೋಟು ಹಾಕಿಕೊಂಡು, ತಾಯಿಯನ್ನು ಅಂಗಡಿಗೆ ಕರೆದೊಯ್ಯಬೇಕು ಎಂದು ಎದ್ದುಹೋದ. ಭಾನುವಾರ ಅವನ ತಾಯಿ ಎಲ್ಲಿಗೂ ಹೋಗುವುದಿಲ್ಲ. ಎಗ್ ರೋಲಿನ ಡಬ್ಬಿ ಮೇಜಿನ ಮೇಲೆಯೇ ಉಳಿಯಿತು.

"ಬರ್ತಾನೆ ಬಿಡು," ಎಂದಳು ಜಿನ್ನಿ.

ಬರದೆ ಹೋದರೆ ಇಬ್ಬರನ್ನಿಟ್ಟುಕೊಂಡು ಡೇಲ್ ಏನನ್ನು ಮುಗಿಸುತ್ತಾನೆ? ಒಂಬತ್ತು ವರ್ಷ.

ಮಾರ್ಚ್ 26, ಬುಧವಾರ

ಡಬ್ಬಿಯನ್ನು ತೊಳೆದು ಔಷಧದಂಗಡಿಯ ಕೌಂಟರಿನಲ್ಲಿ ಇಟ್ಟು ಬಂದೆ. ಅವನು ಒಳಗಿದ್ದ, ಹೊರಗೆ ಬರಲಿಲ್ಲ.

ಮಾರ್ಚ್ 28, ಶುಕ್ರವಾರ

ಮೀನಿನ ಅಂಗಡಿಯಲ್ಲಿ ತಕ್ಕಡಿ ಸೊನ್ನೆಗೆ ನಿಲ್ಲುತ್ತಿರಲಿಲ್ಲ. ಚೀಟಿ ಅಂಟಿಸುವ ಮೊದಲು ಅದರ ಕಾಲಿನ ತಿರುಪು ಸರಿಮಾಡುವುದು ಹೇಗೆಂದು ಅಂಗಡಿಯ ಮುದುಕಿಗೆ ತೋರಿಸಿಕೊಟ್ಟೆ. ಹತ್ತು ನಿಮಿಷ ಹೋಯಿತು. ಚೀಟಿ ಬೇಕಾಗಲಿಲ್ಲ. ಹಾಗೆ ಮಾಡಬಾರದೆಂದು ನಿಯಮವೇನಿಲ್ಲ, ಮನೆಗೆ ಬಂದು ನೋಡಿದೆ.

ಮಾರ್ಚ್ 30, ಭಾನುವಾರ

ಟೌ ಬರಲಿಲ್ಲ. ಆಟವಿಲ್ಲ. ಮೂವರೂ ಇಸ್ಪೀಟು ಆಡಿದೆವು. ಮೂವರೂ ಸೋತ ಹಾಗಿತ್ತು.

ಏಪ್ರಿಲ್ 2, ಬುಧವಾರ

ಟೌನ ಸಂದೇಶ, ಹಾಗೇ ನಕಲಿಸುತ್ತೇನೆ: "ಬರ್ತೀನಿ. ಒಂದು ಷರತ್ತು. ರಾಣಿ ನಿಮಗೆ ಹೊಡೆಯೋವಾಗ ದಾಳ ನಾನು ಹಾಕ್ತೀನಿ. ಎಲ್ಲರಿಗೂ ಕಾಣೋ ಹಾಗೆ. ಎಗ್ ರೋಲ್ ಡಬ್ಬಿ ಮುಚ್ಚಳ ಎಲ್ಲಿ?"

ಮುಚ್ಚಳ ನನ್ನ ಅಡುಗೆಮನೆಯಲ್ಲೇ ಇದೆ.

ಏಪ್ರಿಲ್ 6, ಭಾನುವಾರ

ಮುಚ್ಚಳ ತೆಗೆದುಕೊಂಡು ಹೋದೆ. ಟೌ ಅದನ್ನು ತಿರುಗಿಸಿ ನೋಡಿ, "ತೂಕ ಸರಿಯಾಗಿದೆ," ಎಂದು ಚೀಲಕ್ಕೆ ಹಾಕಿಕೊಂಡ.

ಶುರುವಾಗುವ ಮೊದಲು ಡೇಲ್ ಕೇಳಿದ: ರಾಣಿಯ ಬಲವನ್ನೂ ನಾಲ್ಕು ಏರಿಸಿಟ್ಟಿದ್ದೆ, ಈಗ ಇಳಿಸಲೇ?

"ಬೇಡ," ಎಂದ ಟೌ. "ಇಷ್ಟು ವರ್ಷ ಖಾರ ತಿಂದಿದೀವಿ. ಇವತ್ತು ಅವಳೂ ತಿನ್ನಲಿ."

ಸುಣ್ಣದ ರಾಣಿ ಕಲ್ಲಿನ ಗಣಿಯ ತಳದಲ್ಲಿದ್ದಳು. ಡೇಲ್ ಕಟುಕನಂಗಡಿಯ ಕಂದು ಕಾಗದದ ಮೇಲೆ ಗಣಿ ಬರೆದಿದ್ದ. ಕೆಳಗಿಳಿಯಲು ಮೆಟ್ಟಿಲು. ಟೌ ಅದನ್ನು ನೋಡಿ ಡೇಲ್‌ನನ್ನು ನೋಡಿದ.

"ಜನವರಿಯಲ್ಲೇ ಬರೆದಿದ್ದು," ಎಂದ ಡೇಲ್. "ದೇವರಾಣೆ."

ನಾಲ್ಕು ಗಂಟೆ ಕಾದಾಡಿದೆವು. ಓರ್ಸೋಲಾ ಮುಂದೆಯೇ ಇದ್ದಳು. ಬೇರೆ ಎಲ್ಲಿ ನಿಲ್ಲುವುದೆಂದು ಹೊಳೆಯಲಿಲ್ಲ. ತಾಗುತ್ತೆ ಎಂದು ಏಳು ಸಲ ಹೇಳಿದೆ. ನನ್ನ ಉಸಿರಿನ ಚೌಕವೂ ತೂತಾಯಿತು. ಜಿನ್ನಿಯ ಮಂತ್ರಗಳೆಲ್ಲ ಮುಗಿದವು, ಹೆಚ್ಚಿನವು ನನ್ನ ಮೇಲೆಯೇ. "ಎಷ್ಟು ಕುಡೀತೀಯೇ ನೀನು," ಎಂದು ಬೈಯುತ್ತಲೇ ಕೊಟ್ಟಳು. ಕೊನೆಗೆ ರಾಣಿಯೂ ಕುಂಟುತ್ತಿದ್ದಳು, ನನ್ನಲ್ಲಿ ಹದಿನಾಲ್ಕು ಉಸಿರಿತ್ತು, ಟೌನ ಮುದುಕ ಮೆಟ್ಟಿಲ ಮೇಲೆ ಒಂಬತ್ತರಲ್ಲಿ ನಿಂತಿದ್ದ. ಅವನ ಕೈಯಲ್ಲಿ ಒಂದೇ ಒಂದು ಮಿಂಚು ಉಳಿದಿತ್ತು.

"ರಾಣಿ ಮುದುಕನ ಕಡೆ ಬೀಸ್ತಾಳೆ," ಎಂದ ಡೇಲ್.

ಗುರಾಣಿ ಹಿಡಿದವರು ಪಕ್ಕದಲ್ಲಿದ್ದರೆ ಏಟಿಗೆ ಅಡ್ಡ ಬರಬಹುದು. ನಿಯಮ ಮೊದಲಿನಿಂದ ಇದೆ. ಆರು ವರ್ಷ ನಾನದನ್ನು ಬಳಸಿರಲಿಲ್ಲ, ಯಾಕೆಂದು ಈಗ ಹೇಳಲಾರೆ.

"ಓರ್ಸೋಲಾ ಅಡ್ಡ ಬರ್ತಾಳೆ," ಎಂದೆ.

ಟೌ ದಾಳವನ್ನು ಕೈಯಲ್ಲಿ ಹಿಡಿದು ಕೂತ. "ಅಂದ್ರೆ ನನ್ನ ಉಳಿಸೋಕೆ ಬಂದೋಳಿಗೆ ನಾನೇ ಹೊಡೀಬೇಕಾ?"

"ಷರತ್ತು ನಿಂದೇ," ಎಂದಳು ಜಿನ್ನಿ.

ಉರುಳಿಸಿದ. ಕಂದು ಕಾಗದದ ಮೇಲೆ, ಎಲ್ಲರ ಕಣ್ಣ ಮುಂದೆ. ಹನ್ನೊಂದು. ರಾಣಿಯ ಬಲ ಹನ್ನೊಂದು. ಅವನು ಕೂಡಿ, ಇನ್ನೊಮ್ಮೆ ಕೂಡಿ, ತಲೆಯೆತ್ತಿದ. ಮೊತ್ತ ಎಲ್ಲರಿಗೂ ಗೊತ್ತಿತ್ತು, ನನ್ನ ಕಾಪೂ ಎಲ್ಲರಿಗೂ ಗೊತ್ತಿತ್ತು. ಕೇಳುವ ಅಗತ್ಯವಿರಲಿಲ್ಲ. ಆದರೂ ಕೇಳಿದ, ತೀರಾ ಮೆತ್ತಗೆ.

"ಇಪ್ಪತ್ತೆರಡು. ತಾಗುತ್ತಾ, ಇನ್ಸ್‌ಪೆಕ್ಟ್ರೇ?"

"ತಾಗುತ್ತೆ."

ಹದಿನಾರು ಉಸಿರು ಹೋಯಿತು. ನನ್ನಲ್ಲಿ ಹದಿನಾಲ್ಕೇ ಇತ್ತು.

ಡೇಲ್ ಏನೋ ಚೆನ್ನಾಗಿ ಹೇಳಿದ, ಗುರಾಣಿ ಬಿರಿಯುವ ಸದ್ದಿನ ಬಗ್ಗೆ. ಕೇಳಿಸಿಕೊಳ್ಳಲಿಲ್ಲ, ಟೌ ಎದ್ದು ನಿಂತಿದ್ದ. ನಾಲ್ಕು ವರ್ಷದಲ್ಲಿ ಮೊದಲ ಸಲ ನಿಂತಿದ್ದ.

"ನನ್ನ ಸರದಿ. ಮುದುಕ ಕೋಲು ಬಿಸಾಕ್ತಾನೆ. ಮೆಟ್ಟಿಲ ಮೇಲಿಂದ ಜಿಗೀತಾನೆ."

"ಕೆಳಗೆ ಏನಿದೆ ಅಂತ ತಿವಿದು ನೋಡಲ್ವಾ?" ಎಂದ ಡೇಲ್.

"ಆಮೇಲೆ ವಿಚಾರಿಸ್ತೀನಿ."

ಮಿಂಚು ತಾಗಿತು. ಕಥೆ ಮುಗಿಯಿತು. ಮುದುಕನಿಗೆ ಎರಡೂ ಕಾಲು ಮುರಿದಿದೆ, ಜಿನ್ನಿಗೆ ಕೆಲಸವಿದೆ.

ಚಿಲಿಯ ಬಟ್ಟಲು ಸರಿಸಿ ಡೇಲ್ ಖಾಲಿ ಹಾಳೆಗಳನ್ನು ಹಂಚಿದ. ಮುಂದಿನ ಭಾನುವಾರ ಹೊಸ ಕಥೆಯಂತೆ, ನದಿಯೊಂದು ಇರುತ್ತದಂತೆ. ನಾನು ದೋಣಿ ನಡೆಸುವವಳನ್ನು ಬರೆದುಕೊಂಡೆ. ಕವಚವಿಲ್ಲ, ಗುರಾಣಿಯಿಲ್ಲ. ಬರೆದು ಮುಗಿಸಿ ಹಾಳೆಯನ್ನು ಟೌನ ಕಡೆ ತಿರುಗಿಸಿದೆ. ಬೇರೆಯವರ ಹಾಳೆ ನೋಡಲು ಅವನು ನಾಚಿಕೊಂಡ. ನೋಡು ಎಂದೆ.

ಬೆರಳಿಟ್ಟು ಕಾಪನ್ನು ಕೂಡಿದ. ಹತ್ತು, ಒಂದು. ಇನ್ನೊಮ್ಮೆ ಕೂಡಿದ.

"ಹನ್ನೊಂದು. ಸೊಳ್ಳೆ ಬಂದ್ರೂ ತಾಗುತ್ತಲ್ರೀ."

"ಸರಿಯಾಗಿದೆಯಾ?"

ಪೆನ್ಸಿಲಿನಲ್ಲಿ ಮೂಲೆಯಲ್ಲಿ ಒಂದು ಸಣ್ಣ ವೃತ್ತ ಬರೆದು, ಒಳಗೆ ಇವತ್ತಿನ ತಾರೀಖು ಹಾಕಿ, ಸರಿಯಿರುವ ತಕ್ಕಡಿಗಳಿಗೆ ನಾನು ಅಂಟಿಸುವ ಮುದ್ರೆಯ ಹಾಗೆಯೇ, ಸಹಿ ಮಾಡಿದ.